ಗುರುವಾರದ ಚುಕ್ಕಿ

ಮೂವತ್ತು ಎಂಬ ಸಂಖ್ಯೆ ಕಾನೂನಾಗಿ ಆರು ವರ್ಷವಾಗಿತ್ತು. ಒದ್ದೆ ಥರ್ಮಾಮೀಟರು ಮೂವತ್ತು ಡಿಗ್ರಿ ಮುಟ್ಟಿದರೆ ಆ ಸುತ್ತಿನಲ್ಲಿ ಬಯಲಿನ ಕೆಲಸವೆಲ್ಲ ನಿಲ್ಲಬೇಕು. ಮುಂದಿನ ಅಳತೆಯವರೆಗೆ, ಎಂದರೆ ಮೂರು ತಾಸು, ಯಾರೂ ಸುತ್ತಿಗೆ ಎತ್ತುವಂತಿಲ್ಲ, ಯಾರೂ ಎತ್ತಿಸುವಂತಿಲ್ಲ. ಇಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತಿದ್ದರೆ ಎತ್ತಬಹುದು.

ಒದ್ದೆ ಥರ್ಮಾಮೀಟರು ಹೊಸ ಯಂತ್ರವೇನಲ್ಲ. ಮಾಮೂಲಿ ಥರ್ಮಾಮೀಟರಿನ ಬುಡಕ್ಕೆ ತೆಳುವಾದ ಮಲ್ಮಲ್ ಬಟ್ಟೆ ಸುತ್ತಿ, ಒಂದು ಬತ್ತಿಯನ್ನು ನೀರಿನ ಕುಡಿಕೆಗೆ ಇಳಿಬಿಟ್ಟಿರುತ್ತಾರೆ. ನೀರು ಆರುತ್ತದೆ; ಆರುವಾಗ ಬುಡವನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ನೀರು ಆರುವುದು ಕಡಿಮೆ, ಪಾದರಸ ಮೇಲೆಯೇ ನಿಲ್ಲುತ್ತದೆ. ಬೆವರುವ ಮನುಷ್ಯನೂ ಇದೇ ಉಪಕರಣ. ಮೈಮೇಲೆ ಅಂಕಿ ಕೆತ್ತಿಲ್ಲ, ಅಷ್ಟೆ.

ಜಗದೇವಿ ಕೆಲಸ ಮಾಡುತ್ತಿದ್ದ ವಲಯ ಕೇಂದ್ರದಲ್ಲಿ ಈ ಅಂಕಿಗಳನ್ನು ಹೆಕ್ಕುತ್ತಿದ್ದುದು ‘ಜಾಲರಿ’ ಎಂಬ ತಂತ್ರಾಂಶ. ನೂರಾ ಎಂಬತ್ತು ವೀಕ್ಷಣಾಲಯಗಳಿಂದ ಮೂರು ತಾಸಿಗೊಮ್ಮೆ ಸಂದೇಶ ಬರುತ್ತಿತ್ತು: ಐದೈದು ಅಂಕಿಗಳ ಗುಂಪುಗಳು, ಒಂದು ಸಾಲು. ಜಾಲರಿ ಆ ಸಾಲನ್ನು ಬಿಡಿಸಿ, ನಕ್ಷೆಯ ಮೇಲೆ ಪ್ರತಿ ವೀಕ್ಷಣಾಲಯಕ್ಕೂ ಒಂದು ಸಣ್ಣ ವೃತ್ತ ಬರೆದು, ಎಡಕ್ಕೆ ಉಷ್ಣಾಂಶ, ಅದರ ಕೆಳಗೆ ಒದ್ದೆ ಅಂಕಿ, ಗಾಳಿಯ ದಿಕ್ಕಿಗೊಂದು ಬಾಲ ಇಡುತ್ತಿತ್ತು. ಆಮೇಲೆ ಮೂವತ್ತರ ಗೆರೆ ಎಳೆಯುತ್ತಿತ್ತು. ಗೆರೆ ಬಿದ್ದ ಮೂರನೆಯ ನಿಮಿಷಕ್ಕೆ ಅದರೊಳಗಿನ ಊರುಗಳಲ್ಲಿ ಸೈರನ್. ನಡುವೆ ಮನುಷ್ಯರಿಲ್ಲ.

ಯಾವುದಾದರೂ ಅಂಕಿ ನೆರೆಯ ವೀಕ್ಷಣಾಲಯಗಳಿಗಿಂತ ಎರಡೂವರೆ ಡಿಗ್ರಿಗೂ ಹೆಚ್ಚು ದೂರವಿದ್ದರೆ ಜಾಲರಿ ಅದನ್ನು ನಂಬುತ್ತಿರಲಿಲ್ಲ. ಕೆಂಪು ಬಣ್ಣ ಬಳಿದು ಪಕ್ಕಕ್ಕಿಟ್ಟು, ನೆರೆಯವರ ಅಂಕಿಗಳಿಂದ ಲೆಕ್ಕ ಹಾಕಿದ ಒಂದು ಅಂಕಿಯನ್ನು ಆ ಜಾಗಕ್ಕೆ ತುಂಬುತ್ತಿತ್ತು. ಭಾನುವಾರ ಬರಲಿದ್ದ ಹೊಸ ಆವೃತ್ತಿ ಇನ್ನೂ ಕಟ್ಟುನಿಟ್ಟು. ಅದಕ್ಕೆ ಮೊದಲೇ ಹೇಳಿಕೊಟ್ಟಿರಬೇಕು, ಯಾವ ವೀಕ್ಷಣಾಲಯವನ್ನು ನಂಬಬೇಕು, ಯಾವುದನ್ನು ಕಾಯಂ ಆಗಿ ಬಿಡಬೇಕು ಎಂದು. ಹೀಗಾಗಿ ಮೇ ತಿಂಗಳ ಮೂರನೆಯ ವಾರವಿಡೀ ಜಗದೇವಿ ಒಂದೊಂದೇ ವೀಕ್ಷಣಾಲಯದ ಐದು ವರ್ಷಗಳ ಅಂಕಿಗಳನ್ನು ಹೊರಗೆಳೆದು, ನೆರೆಯವರಿಗಿಂತ ಅವು ಎಷ್ಟು ಬೇರೆ ಎಂಬುದನ್ನು ಚುಕ್ಕಿಗಳಾಗಿ ಮೂಡಿಸುತ್ತಿದ್ದಳು. ಸರಿಯಾದ ವೀಕ್ಷಣಾಲಯದ ಚುಕ್ಕಿಗಳು ಸೊನ್ನೆಯ ಗೆರೆಯ ಆಚೀಚೆ ಚೆಲ್ಲಿದ ರಾಗಿಯ ಹಾಗೆ ಇರುತ್ತವೆ.

ಬುಧವಾರ ಮಧ್ಯಾಹ್ನ ತೊಗರಗೇರಾ ಸರದಿ ಬಂತು. ಅವಳ ಗಂಡ ಸಾಬಣ್ಣ ಅಲ್ಲಿ ಫರಸಿ ಎಂಬ ನೆಲಹಾಸುಗಲ್ಲು ತೆಗೆಯುವ ಖಣಿಯಲ್ಲಿ ಮುಕಾದಮ, ಎಂದರೆ ಕೆಲಸಗಾರರ ಮೇಲ್ವಿಚಾರಕ. ಆ ಕಾರಣಕ್ಕೆ ಅವಳು ಈ ಚಿತ್ರವನ್ನು ತುಸು ಕುತೂಹಲದಿಂದಲೇ ತೆರೆದಳು.

ಬೆಳಗಿನ ಎಂಟೂವರೆಯ ಚುಕ್ಕಿಗಳು, ಸಂಜೆ ಐದೂವರೆಯ ಚುಕ್ಕಿಗಳು ಸೊನ್ನೆಯ ಸುತ್ತಲೇ ಇದ್ದವು. ಹನ್ನೊಂದೂವರೆ ಮತ್ತು ಎರಡೂವರೆಯವು ಬೇಸಿಗೆಯ ಮೂರು ತಿಂಗಳು ಮಾತ್ರ ಮೇಲೆ ಹೋಗಿ ಕೂತಿದ್ದವು. ಎಷ್ಟು ಮೇಲೆ ಎಂದು ನೋಡಿದಳು: ಒಂದು ಪಾಯಿಂಟ್ ಎಂಟರಿಂದ ಎರಡು ಪಾಯಿಂಟ್ ನಾಲ್ಕು. ಐದು ವರ್ಷಗಳಲ್ಲಿ ಒಮ್ಮೆಯೂ ಎರಡೂವರೆ ಮುಟ್ಟಿರಲಿಲ್ಲ. ಬೇಲಿ ಎಲ್ಲಿದೆಯೆಂದು ಗೊತ್ತಿದ್ದ ಎಮ್ಮೆ ಮೇದ ಹಾಗಿತ್ತು.

ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಆರು ದಿನದ ಚುಕ್ಕಿಗಳು ಮೇಲೆ, ಏಳನೆಯ ದಿನದವು ಕೆಳಗೆ ಸೊನ್ನೆಯಲ್ಲಿ. ಮತ್ತೆ ಆರು ದಿನ ಮೇಲೆ, ಒಂದು ದಿನ ಕೆಳಗೆ.

ಕೇಂದ್ರದ ಮುಖ್ಯಸ್ಥೆ ಫಿರ್ದೋಸ್ ಮೇಡಮ್ ಕನ್ನಡಕ ಹಣೆಗೇರಿಸಿ ಪರದೆಗೆ ಮುಖ ತಂದರು.

“ಬತ್ತಿ ಒಣಗಿರಬೇಕು. ಬತ್ತಿ ಒಣಗಿದ್ರ ಪಾದರಸ ಮ್ಯಾಲೆ ಹೋಗ್ತದ.”

“ಏಳು ದಿನಕ್ಕೊಮ್ಮೆ ತಾನೇ ಒದ್ದಿ ಆಗ್ತದೇನ್ರಿ ಮೇಡಮ್?”

ಫಿರ್ದೋಸ್ ಮೇಡಮ್ ಇನ್ನೊಮ್ಮೆ ನೋಡಿದರು. “ಹವಾಮಾನಕ್ಕ ವಾರ ಗೊತ್ತಿರಂಗಿಲ್ಲ, ಜಗದೇವಿ. ಇದು ಮನಷ್ಯಾರ ಕೆಲಸ. ಶನಿವಾರ ಸಂಜಿ ತನಕ ಟೈಮ್ ಅದ. ಕಾರಣ ಸಿಕ್ರ ಬರಿ. ಇಲ್ಲಂದ್ರ ಕೆಂಪು ಮಾಡು.”

ಕೆಂಪು ಮಾಡಿದರೆ ಏನಾಗುತ್ತದೆಂದು ಜಗದೇವಿ ಲೆಕ್ಕ ಹಾಕಿ ನೋಡಿದಳು. ತೊಗರಗೇರಾಕ್ಕೆ ನೆರೆಯವರ ಅಂಕಿ ತುಂಬುತ್ತದೆ. ಇಪ್ಪತ್ತೆಂಟು. ಸೈರನ್ ಕೂಗುವುದಿಲ್ಲ.

*

ಅವರ ಮನೆ ನಡುವಿನ ಜಂಕ್ಷನ್ ಊರಿನಲ್ಲಿತ್ತು. ಅವಳು ರೈಲಿನಲ್ಲಿ ಉತ್ತರಕ್ಕೆ ಹೋಗುತ್ತಿದ್ದಳು, ಸಾಬಣ್ಣ ಮೋಟರ್ ಸೈಕಲ್ಲಿನಲ್ಲಿ ದಕ್ಷಿಣಕ್ಕೆ. ಅವಳು ಚಹಾಕ್ಕಿಟ್ಟಾಗ ಅವನು ಬಚ್ಚಲಿನಲ್ಲಿ ಕಾಲಿನ ಕಲ್ಲುಪುಡಿ ತೊಳೆಯುತ್ತಿದ್ದ.

“ಇವತ್ತೂ ಮೋನಪ್ಪನ ನೆರಳು ಬಿತ್ತು,” ಎಂದ.

ಮೋನಪ್ಪ ಎಂದರೆ ತೊಗರಗೇರಾದ ವೀಕ್ಷಕ, ಥರ್ಮಾಮೀಟರು ಓದಿ ಅಂಕಿ ಕಳಿಸುವವನು. ಖಣಿಯವರು ಸೈರನ್ನಿಗೆ ಅವನ ಹೆಸರಿಟ್ಟಿದ್ದರು. ನೆರಳು ಬಿದ್ದರೆ ಗಂಡಸರು ತಗಡಿನ ಶೆಡ್ಡಿನಲ್ಲಿ ಮುಖದ ಮೇಲೆ ಟವೆಲು ಹಾಕಿಕೊಂಡು ಮಲಗುತ್ತಿದ್ದರು, ಹೆಂಗಸರು ಒಡೆದ ಫರಸಿಯ ಮೇಲೆ ಇದ್ದಿಲಿನಿಂದ ಮನೆ ಬರೆದು ಚೌಕಾಬಾರ ಆಡುತ್ತಿದ್ದರು. ಮಕ್ಕಳ ಮದುವೆಯ ಮಾತುಕತೆಗಳು ಈಗ ನೆರಳಿನ ಹೊತ್ತಿಗೇ ನಡೆಯುತ್ತಿದ್ದವು.

“ಬಾಜೂ ತಾಲೂಕಿನ ಖಣಿಯಾಗ ದಿನಾ ಹಿಂಗ ನಿಲ್ಲಂಗಿಲ್ಲ. ಅಲ್ಲಿ ಮಂದಿ ನಮಗ ನಗತಾರ. ತೊಗರಗೇರಾದವರು ಖಣಿಗಿ ಮಲಗಲಾಕ ಹೋಗತಾರ ಅಂತಾರ.”

“ನಗಲಿ ಬಿಡ್ರಿ.”

“ನಿಮ್ಮ ಆ ಪೆಟ್ಟಿಗ್ಯಾಗೇ ಏನೋ ದೋಷ ಅದ. ಅಷ್ಟು ದೊಡ್ಡ ಆಫೀಸಿನ್ಯಾಗ ಕುಂತೀದಿ, ಒಂದ್ಸಲ ನೋಡಬಾರದಾ?”

“ಅಲ್ಲಿ ಈ ಬ್ಯಾಸಗ್ಯಾಗ ಎಷ್ಟ ಮಂದಿ ಸತ್ರು?”

ಸಾಬಣ್ಣ ಪಂಚೆಯ ಅಂಚಿನಿಂದ ಪಾದ ಒರೆಸಿಕೊಂಡ. “ಮೂರು.”

“ನಿಮ್ಮ ಖಣಿಯಾಗ?”

“ನಮ್ಮಲ್ಲಿ ಹ್ಯಾಂಗ ಸಾಯ್ತಾರ. ಮಲಗಿರ್ತಾರಲ್ಲ.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದವನ ಹಾಗೆ ಒರೆಸಿದ ಪಾದವನ್ನೇ ಮತ್ತೊಮ್ಮೆ ಒರೆಸಿದ. ಆಮೇಲೆ, “ಚಹಾ ಕೊಡು. ನಾಳಿ ಸಂತಿ, ಖಣಿ ಬಂದ್. ಮುಂಜಾನಿ ಲಗೂನ ಎಬ್ಬಿಸಬ್ಯಾಡ,” ಎಂದ.

ಜಗದೇವಿ ಸೋಸುತ್ತಿದ್ದ ಚಹಾ ಬಸಿಗೆ ಚೆಲ್ಲಿತು. ಜಾಲರಿಯಲ್ಲಿ ವಾರಗಳಿರಲಿಲ್ಲ. ದಿನಗಳಿಗೆ ಒಂದರಿಂದ ಮುನ್ನೂರ ಅರವತ್ತೈದರವರೆಗೆ ಸಂಖ್ಯೆ ಮಾತ್ರ. ಕೆಳಗಿಳಿದ ಚುಕ್ಕಿಗಳ ಸಂಖ್ಯೆ ಅವಳಿಗೆ ನೆನಪಿತ್ತು: ನೂರಾ ಇಪ್ಪತ್ತೊಂದು, ನೂರಾ ಇಪ್ಪತ್ತೆಂಟು, ನೂರಾ ಮೂವತ್ತೈದು. ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ತಿರುವಿ, ಬೆರಳಿಟ್ಟು ಎಣಿಸಿದಳು. ಮೂರೂ ಗುರುವಾರಗಳು. ಮೂರೂ ತೊಗರಗೇರಾದ ಸಂತೆಗಳು.

“ಏನ್ ಎಣಸ್ಲತ್ತಿ?” ಸಾಬಣ್ಣ ಕೇಳಿದ.

“ಸಂತಿ,” ಎಂದಳು.

*

ಮರುದಿನ ಸಂತೆ. ಎರಡೂವರೆಯ ಸಂದೇಶದಲ್ಲಿ ತೊಗರಗೇರಾದ ಚುಕ್ಕಿ ಸೊನ್ನೆಯ ಮೇಲೆ ಬಂದು ಕೂತಿತು. ಜಗದೇವಿ ಶುಕ್ರವಾರ ಪರಿಶೀಲನೆಯ ಚೀಟಿ ಬರೆಸಿಕೊಂಡು ಬಸ್ ಹತ್ತಿದಳು.

ಹಳೆಯ ತಹಶೀಲ ಕಚೇರಿಯ ಹಿಂದೆ, ಕೆರೆಯ ದಂಡೆಗೆ, ತಂತಿ ಬೇಲಿ ಹಾಕಿದ ಹುಲ್ಲಿನ ಚೌಕದಲ್ಲಿ ಕಾಲಿನ ಮೇಲೆ ನಿಂತ ಬಿಳಿ ಪೆಟ್ಟಿಗೆ. ಅದರ ನಾಲ್ಕೂ ಕಡೆ ಓರೆಪಟ್ಟಿಗಳು. ಗಾಳಿ ಬರಬೇಕು, ಬಿಸಿಲು ಬರಬಾರದು. ಮೋನಪ್ಪನಿಗೆ ಐವತ್ತೆಂಟಿರಬಹುದು. ಇಸ್ತ್ರಿಯ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ಸಿಲು. ಅವಳಿಗೆ ಕುರ್ಚಿ ಹಾಕಿ, ತಂಬಿಗೆಯಲ್ಲಿ ನೀರು ಕೊಟ್ಟ.

“ಮೂವತ್ತೊಂದು ವರ್ಷ ಆತ್ರಿ ಅಕ್ಕೋರ. ಒಂದು ಓದು ತಪ್ಪಿಲ್ಲ. ಮಗಳ ಮದಿವಿ ದಿನ ಅಕ್ಕಿಕಾಳು ಹಾಕಿ ಓಡಿ ಬಂದೀನಿ.”

ಎರಡು ಇಪ್ಪತ್ತೈದಕ್ಕೆ ಎದ್ದ. ಪೆಟ್ಟಿಗೆಯ ಬಾಗಿಲು ತೆಗೆದು, ಕಣ್ಣು ಪಾದರಸದ ಮಟ್ಟಕ್ಕೆ ಬರುವ ಹಾಗೆ ಮೊಣಕಾಲು ಬಗ್ಗಿಸಿ, ತನ್ನ ಉಸಿರು ಗಾಜಿಗೆ ತಾಗದಂತೆ ಉಸಿರು ಹಿಡಿದು ಓದಿದ. ಕಿಸೆಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡ. ಅವನು ಸರಿದ ಮೇಲೆ ಜಗದೇವಿಯೂ ಬಗ್ಗಿ ನೋಡಿದಳು. ಇಪ್ಪತ್ತೆಂಟು ಪಾಯಿಂಟ್ ಒಂದು. ಮಲ್ಮಲ್ ಬಟ್ಟೆ ಬೆಳ್ಳಗಿತ್ತು, ಬತ್ತಿ ಚೆನ್ನಾಗಿ ನೆನೆದಿತ್ತು. ಕಿಸೆಪುಸ್ತಕದಲ್ಲೂ ಇಪ್ಪತ್ತೆಂಟು ಪಾಯಿಂಟ್ ಒಂದೇ ಇತ್ತು.

ಒಳಗೆ ಹೋಗಿ ಕುಳಿತು, ಅವಳು ಹೆಗಲ ಹಿಂದೆ ನಿಂತಿರುವುದು ಗೊತ್ತಿದ್ದೂ, ಮೋನಪ್ಪ ಸಂದೇಶದಲ್ಲಿ ಮೂವತ್ತು ಪಾಯಿಂಟ್ ಎರಡು ಒತ್ತಿ ಕಳಿಸಿದ. ಮೂರು ನಿಮಿಷಕ್ಕೆ ದೂರದಲ್ಲಿ ಸೈರನ್ ಕೂಗಿತು.

“ಕಾಕಾ,” ಎಂದಳು ಜಗದೇವಿ, “ಇಪ್ಪತ್ತೆಂಟು ಇತ್ತು.”

“ಹೌದ್ರಿ. ಇಲ್ಲಿ ಇಪ್ಪತ್ತೆಂಟೇ ಅದ.”

“ಮತ್ತ?”

ಅವನು ಕಪಾಟಿನಿಂದ ಒಂದು ಉಪಕರಣ ತೆಗೆದ. ಹಿಡಿಕೆಯ ತುದಿಗೆ ಎರಡು ಥರ್ಮಾಮೀಟರು ಜೋಡಿಸಿದ ಚೌಕಟ್ಟು. ಜಾತ್ರೆಯ ಗಿರಿಗಿಟ್ಲೆಯ ಹಾಗೆ ಗರಗರ ತಿರುಗಿಸಿದರೆ ಗಾಳಿ ತಾಗಿ ಎಲ್ಲಿ ಬೇಕಾದರೂ ಒದ್ದೆ ಅಂಕಿ ಸಿಗುತ್ತದೆ. “ಬರ್ರಿ, ತೋರಸ್ತೀನಿ,” ಎಂದು ಮೊಪೆಡ್ ಹೊರಗೆ ತೆಗೆದ.

ಖಣಿ ನಾಲ್ಕು ಕಿಲೋಮೀಟರು ದೂರ. ನಲವತ್ತು ಅಡಿ ಆಳದ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಬೂದುನೀಲಿ ಗುಂಡಿ. ಬುಡದಲ್ಲಿ ಒಸರುವ ನೀರನ್ನು ಪಂಪು ಎಳೆಯುತ್ತಿತ್ತು. ಇಳಿಯುತ್ತ ಇಳಿಯುತ್ತ ಗಾಳಿ ನಿಂತುಹೋಯಿತು. ಕೊನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಜಗದೇವಿಯ ಕುಪ್ಪಸ ಬೆನ್ನಿಗೆ ಅಂಟಿತ್ತು, ಮತ್ತು ಆರಲಿಲ್ಲ. ಮೋನಪ್ಪ ಗಡಿಯಾರ ನೋಡಿಕೊಂಡು ಎರಡು ನಿಮಿಷ ತಿರುಗಿಸಿ, ನಿಲ್ಲಿಸಿದ ತಕ್ಷಣ ಅವಳ ಕಣ್ಣ ಮುಂದೆ ಹಿಡಿದ.

ಮೂವತ್ತು ಪಾಯಿಂಟ್ ಮೂರು.

“ಕಾಯ್ದೆ ಬಂದ ಮೊದಲ್ನೇ ಬ್ಯಾಸಗಿ,” ಎಂದ ಮೋನಪ್ಪ. “ಪೆಟ್ಟಿಗ್ಯಾಗ ಇಪ್ಪತ್ತೆಂಟಿತ್ತು. ಇಪ್ಪತ್ತೆಂಟೇ ಬರದೆ. ಸಂಜಿಮುಂದ ಇಬ್ಬರನ್ನ ಟ್ರಾಕ್ಟರಿನ್ಯಾಗ ಹಾಕ್ಕೊಂಡು ನನ್ನ ಬೇಲಿ ಬಾಜೂಕೇ ಹಾದು ಹೋದ್ರು. ಆಮ್ಯಾಲ ದಿನಾ ಇದನ್ನ ಹಿಡ್ಕೊಂಡು ಇಲ್ಲಿ ಇಳದೆ. ಪೆಟ್ಟಿಗಿಗೂ ಖಣಿಗೂ ಎಷ್ಟು ಫರಕ ಅಂತ ಒಂದು ವಹಿ ತುಂಬ ಬರದಿಟ್ಟೀನಿ. ಮುಂದಿನ ಬ್ಯಾಸಗಿಯಿಂದ ಆ ಫರಕ ಕೂಡಿಸಿ ಕಳಸ್ತೀನಿ. ಹುಲ್ಲಿನ ಮ್ಯಾಲ ಯಾರೂ ಕಲ್ಲು ಒಡೆಯಂಗಿಲ್ಲಲ್ರಿ.”

“ಕೆಲವು ದಿನ ಫರಕ ಎರಡೂವರಿ ದಾಟಿರಬೇಕಲ್ಲ?”

“ದಾಟ್ತದ. ದಾಟಿದ್ದು ಬರದ್ರ ನಿಮ್ಮ ಯಂತ್ರ ನಂಬಂಗಿಲ್ಲ. ಅದಕ್ಕ ಎರಡು ಪಾಯಿಂಟ್ ನಾಕಕ್ಕೇ ನಿಲ್ಲಸ್ತೀನಿ.”

“ಗುರುವಾರ ಯಾಕ ಕೂಡಸಂಗಿಲ್ಲ?”

ಮೋನಪ್ಪನಿಗೆ ಪ್ರಶ್ನೆಯೇ ಅರ್ಥವಾಗದ ಹಾಗಿತ್ತು. “ಗುರುವಾರ ಸಂತಿ ಅಲ್ರಿ. ಇಲ್ಲಿ ಯಾರೂ ಇರಂಗಿಲ್ಲ.”

“ಅದನ್ನೂ ಕೂಡಿಸಿದ್ರ ನನಗ ಎಂದೂ ಸಿಗತಿದ್ದಿಲ್ಲ, ಕಾಕಾ.”

“ಸುಳ್ಳು ಬೇಕಾದಷ್ಟೇ ಬರೀಬೇಕ್ರಿ ಅಕ್ಕೋರ,” ಎಂದ ಅವನು. “ಹೆಚ್ಚಿಗಿ ಬರದ್ರ ರೂಢಿ ಆಗ್ತದ.”

ಶೆಡ್ಡಿನ ಕಡೆಯಿಂದ ಸಾಬಣ್ಣ ಮೆಟ್ಟಿಲಿಳಿದು ಬರುತ್ತಿದ್ದ. ಹೆಂಡತಿಯನ್ನು, ಅವಳ ಪಕ್ಕದಲ್ಲಿದ್ದವನನ್ನು, ಅವನ ಕೈಯ ಗಿರಿಗಿಟ್ಲೆಯನ್ನು ಸರದಿಯಂತೆ ನೋಡಿದ.

“ಪೆಟ್ಟಿಗಿ ದೋಷ ಸಿಕ್ತೇನು?”

“ಸಿಕ್ತು,” ಎಂದಳು ಜಗದೇವಿ. “ನಾಲ್ಕು ಕಿಲೋಮೀಟರ್ ಆಚಿಗಿ ಅದ.”

*

“ಅಂದ್ರ ಐದು ವರ್ಷದ ಮಧ್ಯಾಹ್ನ ಎಲ್ಲಾ ಸುಳ್ಳು,” ಎಂದರು ಫಿರ್ದೋಸ್ ಮೇಡಮ್, ಶನಿವಾರ.

“ಕಿಸೆಪುಸ್ತಕದಾಗ ಖರೇ ಓದು ಅದಾವ್ರಿ, ಒಂದೂ ಬಿಡದಂಗ. ನಾನೇ ತುಂಬ್ತೀನಿ. ಪೆಟ್ಟಿಗಿ ಮಾತ್ರ ಖಣಿಗಿ ಇಳಸೋಣು.”

“ನಿಯಮ ಓದೀದಿ? ಹುಲ್ಲಿರಬೇಕು, ಬಯಲಿರಬೇಕು, ಗ್ವಾಡಿ ದೂರ ಇರಬೇಕು. ಖಣಿಯಾಗ ಹುಲ್ಲು ಎಲ್ಲಿಂದ ತರ್ತಿ?”

“ವಿಮಾನ ನಿಲ್ದಾಣದಾಗ ಡಾಂಬರ್ ಮ್ಯಾಲೇ ಇಟ್ಟಾರಲ್ರಿ. ವಿಶೇಷ ಕೇಂದ್ರ ಅಂತ.”

ಫಿರ್ದೋಸ್ ಮೇಡಮ್ ಬಹಳ ಹೊತ್ತು ಜಗದೇವಿ ತಂದಿಟ್ಟ ಮೋನಪ್ಪನ ವಹಿಯನ್ನು ತಿರುವಿದರು. ಮುನ್ನೂರು ಪುಟ, ಒಂದೇ ಅಕ್ಷರ, ಎಲ್ಲೂ ಗೀಚಿಲ್ಲ.

“ವಿಶೇಷ ಕೇಂದ್ರ ಅಂದ್ರ ಏನು, ಗೊತ್ತದನು? ಅದಕ್ಕ ನೆರೆಹೊರೆ ಇರಂಗಿಲ್ಲ. ಜಾಲರಿ ಅದನ್ನ ಯಾರ ಜೋಡಿನೂ ಹೋಲಸಂಗಿಲ್ಲ. ಅದು ಹೇಳಿದ್ದೇ ಖರೆ. ಓದೋ ಮನಷ್ಯಾ ಒಂದು ಪಾಯಿಂಟ್ ಜಾಸ್ತಿ ಬರದ್ರ ಹಿಡಿಲಾಕ ನಿನಗೂ ಆಗಂಗಿಲ್ಲ, ನನಗೂ ಆಗಂಗಿಲ್ಲ. ಐದು ವರ್ಷ ಸುಳ್ಳು ಬರದವನ ಕೈಯಾಗ ಇದನ್ನ ಕೊಡು ಅಂತೀದಿ.”

“ಗುರುವಾರ ಬರೀದೆ ಇದ್ದವನ ಕೈಯಾಗ್ರಿ.”

ಫಿರ್ದೋಸ್ ಮೇಡಮ್ ಹಳೆಯ ಕೇಂದ್ರವನ್ನು ಕೆಂಪು ಮಾಡಿ, ಹೊಸ ಕೇಂದ್ರದ ಹಾಳೆಗೆ ಸಹಿ ಹಾಕಿದರು. “ಒಂದು ಅಂಕಿ ತಿದ್ದಿದ್ದು ಗೊತ್ತಾದ್ರ ಪೆಟ್ಟಿಗಿ ವಾಪಸ್. ಆಮ್ಯಾಲ ಖಣಿಗಿ ನೆರೆಯವರ ಅಂಕಿನೇ ಗತಿ. ಅವನಿಗಿ ಹೇಳು.”

*

ಭಾನುವಾರ ಆರು ಜನ ಬಿಳಿ ಪೆಟ್ಟಿಗೆಯನ್ನು ಫರಸಿ ಸಾಗಿಸುವ ಟ್ರಾಲಿಯಲ್ಲಿ ತಂದು ಖಣಿಯ ಬುಡದಲ್ಲಿ ನಿಲ್ಲಿಸಿದರು. ಹೆಂಗಸರು ಅದಕ್ಕೆ ಕುಂಕುಮ ಹಚ್ಚಲು ಬಂದರು. ಮೋನಪ್ಪ ಬಿಳಿ ಬಣ್ಣದ ಮೇಲೆ ಬೇಡವೆಂದು ಕಾಲಿಗೆ ಹಚ್ಚಿಸಿದ.

ಸೋಮವಾರ ಎರಡೂವರೆಗೆ ಮೂವತ್ತು ಪಾಯಿಂಟ್ ಆರು. ಮಂಗಳವಾರ ಮೂವತ್ತು ಪಾಯಿಂಟ್ ಮೂರು. ನೆರಳು ಬಿತ್ತು.

ಬುಧವಾರ ಎರಡು ಮೂವತ್ತೊಂದಕ್ಕೆ ಜಗದೇವಿಯ ಫೋನು ಬಡಿಯಿತು. ಮೋನಪ್ಪ. ಐದು ವರ್ಷಗಳಲ್ಲಿ ಅವನು ಕೇಂದ್ರಕ್ಕೆ ಫೋನು ಮಾಡಿದ್ದು ಇದೇ ಮೊದಲು.

“ಇಪ್ಪತ್ತೊಂಬತ್ತು ಪಾಯಿಂಟ್ ಎಂಟು ಅದ್ರಿ ಅಕ್ಕೋರ.”

ಫೋನಿನಲ್ಲಿ ಸುತ್ತಿಗೆಗಳ ಸದ್ದು ಕೇಳುತ್ತಿತ್ತು.

“ಎರಡು ಸಲ ಓದೀನಿ. ಬತ್ತಿ ಸರಿ ಅದ. ಮಂದಿ ನನ್ನೇ ನೋಡ್ಲತ್ತಾರ.” ದನಿ ತಗ್ಗಿಸಿ, “ಎಷ್ಟು ಬರೀಲ್ರಿ?” ಎಂದ.

ಮೂವತ್ತು ಎಂದರೆ ಸಾಕಿತ್ತು. ಹೊಸ ಜಾಲರಿ ನಂಬುತ್ತಿತ್ತು. ಯಾವ ಚಿತ್ರದಲ್ಲೂ ಅದು ಕಾಣುತ್ತಿರಲಿಲ್ಲ. ಮೋನಪ್ಪ ಕೇಳುತ್ತಿದ್ದುದು ಅಂಕಿಯನ್ನಲ್ಲ, ಅವಳನ್ನೂ ತನ್ನ ಜೊತೆ ಸೇರಿಸಿಕೊಳ್ಳಬಹುದೇ ಎಂದು.

“ಕಾಕಾ, ಇದ್ದದ್ದು ಬರೀರಿ.”

“ಕೆಳಗ ನಲವತ್ತು ಮಂದಿ ಅದಾರ್ರಿ.”

“ಗೊತ್ತದ. ಅವರೊಳಗ ನಮ್ಮ ಮನಿಯವರೂ ಅದಾರ.”

ಸಂದೇಶ ಬಂತು. ಜಾಲರಿ ಐದೈದು ಅಂಕಿಗಳನ್ನು ಬಿಡಿಸಿತು. ಇಪ್ಪತ್ತೊಂಬತ್ತು ಪಾಯಿಂಟ್ ಎಂಟು. ಗೆರೆ ತೊಗರಗೇರಾವನ್ನು ಹೊರಗಿಟ್ಟು ಪೂರ್ವಕ್ಕೆ ಬಾಗಿ ಹೋಯಿತು. ಸಂಜೆ ಐದೂವರೆಯವರೆಗೆ ಜಗದೇವಿ ಬೇರೆ ಯಾವ ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ. ಎರಡು ಸಲ ಗಂಡನಿಗೆ ಫೋನು ಹಚ್ಚಿದಳು. ಕೆಲಸದ ಹೊತ್ತಿನಲ್ಲಿ ಅವನು ಫೋನನ್ನು ಮೇಲಿನ ಶೆಡ್ಡಿನಲ್ಲೇ ಬಿಟ್ಟಿರುತ್ತಾನೆಂದು ಗೊತ್ತಿದ್ದೂ ಹಚ್ಚಿದಳು.

ಮನೆಗೆ ಬಂದಾಗ ಸಾಬಣ್ಣನ ಅಂಗಿಯ ಬೆನ್ನಿನಲ್ಲಿ ಉಪ್ಪಿನ ಬಿಳಿ ಗೆರೆಗಳಿದ್ದವು. ಕಾಲು ತೊಳೆಯದೆ ಹೊಸ್ತಿಲ ಮೇಲೆ ಕುಳಿತ.

“ಇವತ್ತ ನೆರಳು ಬೀಳಲಿಲ್ಲ,” ಎಂದ.

“ಯಾರಿಗೂ ಏನೂ ಆಗಲಿಲ್ಲಲ್ಲ?”

“ಇಲ್ಲ. ಮೋನಪ್ಪ ಅಂಕಿ ಕಳಿಸಿ, ಮ್ಯಾಲ ಹೋಗಲೇ ಇಲ್ಲ. ಪೆಟ್ಟಿಗಿ ಬಾಜೂಕ ಒಂದು ಫರಸಿ ಮ್ಯಾಲ ಛತ್ರಿ ಬಿಚ್ಚಿಕೊಂಡು ಕುಂತಬಿಟ್ಟ. ಎರಡು ಪಾಯಿಂಟ್ ಕಮ್ಮಿ ಅದ, ನಾನೇನೂ ಮಾಡಲಾಕ ಆಗಂಗಿಲ್ಲ ಅಂದ. ಅವನ್ನ ನೋಡಿ ಮೊದಲ ಒಬ್ಬಾಕಿ ಕುಂತಳು. ಆಮ್ಯಾಲ ಇನ್ನಿಬ್ಬರು. ಆಮ್ಯಾಲ ಎಲ್ಲಾರೂ.”

“ನೀವು ಮುಕಾದಮ. ನೀವೇನ್ ಅಂದ್ರಿ?”

“ಏಳ್ರಿ ಅನ್ನಬೇಕಂತ ಬಾಯಿ ತೆರದೆ.” ಸಾಬಣ್ಣ ಅಂಗಿಯ ಗುಂಡಿ ಬಿಚ್ಚತೊಡಗಿದ. “ನಾಲಿಗಿ ಒಣಗಿತ್ತು. ನಾನೂ ಕುಂತೆ. ಒಂದು ತಾಸು.”

ಅವಳು ನೀರು ತಂದುಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದು ಲೋಟ ಮತ್ತೆ ಮುಂದೆ ಹಿಡಿದ.

“ಕಾಯ್ದೆದಾಗ ಇಲ್ಲದ ತಾಸು ಅದು. ನಾಳಿ ಮಾಲೀಕ ಕೇಳ್ತಾನ.”

“ನಾಳಿ ಸಂತಿ,” ಎಂದಳು ಜಗದೇವಿ.

“ಹೌದಲ್ಲ. ನಾಡದು ಕೇಳ್ತಾನ.”

*

ಗುರುವಾರ ತೇವದ ಗಾಳಿ ಪೂರ್ವದಿಂದ ನುಗ್ಗಿತ್ತು. ಎರಡು ಮೂವತ್ತೆರಡಕ್ಕೆ ತೊಗರಗೇರಾದ ಸಾಲು ಬಂತು. ಜಗದೇವಿ ಜಾಲರಿಗಿಂತ ಮೊದಲೇ ಆ ಗುಂಪನ್ನು ಕಣ್ಣಿನಿಂದ ಬಿಡಿಸಿದಳು: ಮೂವತ್ತೊಂದು ಪಾಯಿಂಟ್ ಒಂದು. ಗೆರೆ ಹರಿದು ಬಂದು ತೊಗರಗೇರಾವನ್ನು ಒಳಗೆ ತೆಗೆದುಕೊಂಡಿತು.

ಐದು ನಿಮಿಷಕ್ಕೆ ಸಾಬಣ್ಣನ ಫೋನು. ಹಿಂದೆ ಸಂತೆಯ ಗದ್ದಲ, ಯಾರೋ ಬದನೆಕಾಯಿಗೆ ಕೂಗುತ್ತಿದ್ದರು, ಅದಕ್ಕೂ ಹಿಂದೆ ಉದ್ದನೆಯ ಒಂದೇ ಸ್ವರ.

“ಕೇಳಸ್ಲತ್ತದನು? ಸೈರನ್ ಹೊಡಿಲತ್ತದ. ಇಷ್ಟು ವರ್ಷದಾಗ ಸಂತಿ ದಿನ ಎಂದೂ ಹೊಡದಿಲ್ಲ. ಖಣಿಯಾಗ ಒಂದು ನಾಯಿ ಸುದ್ದಾ ಇಲ್ಲ. ಆ ಮೋನಪ್ಪ ಒಬ್ಬನೇ ಸಂತಿ ಬಿಟ್ಟು ಇಳದಿದ್ದಾನು. ಯಾರ ಸಲುವಾಗಿ ಇದು?”

ಜಗದೇವಿ ತೊಗರಗೇರಾದ ಹೊಸ ಚಿತ್ರ ತೆರೆದಳು. ಅದರಲ್ಲಿ ಎರಡೂವರೆಯ ಚುಕ್ಕಿಗಳು ಇನ್ನೂ ನಾಲ್ಕೇ ಇದ್ದವು. ಸೋಮವಾರದ್ದು, ಮಂಗಳವಾರದ್ದು, ಮೂವತ್ತರ ಗೆರೆಯ ಕೆಳಗೆ ಜಾರಿದ ಬುಧವಾರದ್ದು. ನಾಲ್ಕನೆಯದು ಎಲ್ಲಕ್ಕಿಂತ ಮೇಲೆ, ಈಗಷ್ಟೇ ಮೂಡಿತ್ತು.

“ಹೊಡೀಲಿ ಬಿಡ್ರಿ,” ಎಂದಳು. “ಎಷ್ಟು ಅದನೋ ಅಷ್ಟು ಹೇಳ್ಲತ್ತದ.”